ಎಲ್ಲ ಕೆಲಸವನ್ನೂ ತಾನೇ ಹೊತ್ತುಕೊಳ್ಳುವ ನೌಕರರನ್ನು ನಿಭಾಯಿಸುವುದು ಹೇಗೆ?

ಲೆಕ್ಕದ ಮನೆ, ಮೈಸೂರು

ಸರಸ್ವತಿಪುರಂನಲ್ಲಿ ನಮ್ಮದೊಂದು ತೆರಿಗೆ ಸಲಹಾ ಕಚೇರಿ. ನನ್ನನ್ನು ಬಿಟ್ಟು ಏಳು ಮಂದಿ. ಅವರಲ್ಲಿ ಒಬ್ಬ ಹೆಣ್ಣುಮಗಳ ವಿಷಯದಲ್ಲಿ ನಿಮ್ಮೆಲ್ಲರ ಸಲಹೆ ಬೇಕು. ಇದನ್ನು ದೂರು ಎಂದು ತಿಳಿಯಬೇಡಿ. ನಮ್ಮಲ್ಲಿ ಆಕೆಯಷ್ಟು ಚೆನ್ನಾಗಿ ಕೆಲಸ ಬಲ್ಲವರು ಇನ್ನೊಬ್ಬರಿಲ್ಲ. ತೊಂದರೆ ಹುಟ್ಟುವುದೂ ಅಲ್ಲಿಂದಲೇ.

ನಮ್ಮ ತಿಂಗಳು ನಡೆಯುವುದು ಕೊನೆಯ ದಿನಾಂಕಗಳ ಮೇಲೆ. 7ಕ್ಕೆ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಂಡ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ಬಿಲ್ಲುಗಳ ವಿವರವಾದ ಜಿಎಸ್‌ಟಿಆರ್-1, 15ಕ್ಕೆ ಭವಿಷ್ಯ ನಿಧಿ ಮತ್ತು ನೌಕರರ ವಿಮೆಯಾದ ಇಎಸ್‌ಐ, 20ಕ್ಕೆ ತಿಂಗಳ ಜಿಎಸ್‌ಟಿ ಲೆಕ್ಕ ಕೊಟ್ಟು ತೆರಿಗೆ ಕಟ್ಟುವ 3ಬಿ. ಸೆಪ್ಟೆಂಬರ್ ಬಂತೆಂದರೆ ಇದರ ಮೇಲೆ ಲೆಕ್ಕಪರಿಶೋಧನಾ ವರದಿಗಳ ಹೊರೆ. ಇಷ್ಟರ ನಡುವೆ ಯಾರು ಏನು ಕೇಳಿದರೂ ಆಕೆಯ ಉತ್ತರ ಒಂದೇ: "ಕೊಡಿ, ಮಾಡುತ್ತೇನೆ." ಹೊಸದಾಗಿ ಸೇರಿದ ಹುಡುಗನಿಗೆ ಬ್ಯಾಂಕ್ ಲೆಕ್ಕ ತಾಳೆಯಾಗಲಿಲ್ಲವೇ, ಅದು ಆಕೆಯ ಮೇಜಿಗೆ. ಗ್ರಾಹಕರು ಕಚೇರಿಯ ಸಂಖ್ಯೆ ಬಿಟ್ಟು ನೇರವಾಗಿ ಆಕೆಯ ಮೊಬೈಲಿಗೇ ಬಿಲ್ಲುಗಳ ಚಿತ್ರ ಕಳುಹಿಸುತ್ತಾರೆ. ನಾನೂ ತುರ್ತು ಬಿದ್ದಾಗ ಮೊದಲು ಕರೆಯುವುದು ಆಕೆಯನ್ನೇ.

ಮೊನ್ನೆ ಆಕೆಯ ಮೇಜನ್ನು ಸ್ವಲ್ಪ ಗಮನವಿಟ್ಟು ನೋಡಿದೆ. ಪ್ಲಾಸ್ಟಿಕ್ ಕವರುಗಳಲ್ಲಿ ಖರೀದಿ ಬಿಲ್ಲುಗಳ ನಾಲ್ಕು ಕಟ್ಟು, ನಾಲ್ಕೂ ಅರ್ಧಕ್ಕೆ ನಿಂತಿವೆ. ಎಲ್ಲಿಯವರೆಗೆ ನಮೂದಾಗಿದೆ ಎಂಬ ಗುರುತಿಗೆ ಪ್ರತಿ ಕಟ್ಟಿನ ನಡುವೆ ಬಸ್ಸಿನ ಶೂನ್ಯ ದರದ ಟಿಕೆಟ್ ಸಿಕ್ಕಿಸಿದ್ದಾಳೆ. ಕಂಪ್ಯೂಟರ್ ಪರದೆಯ ಅಂಚಿಗೆಲ್ಲ ಹಳದಿ ಚೀಟಿಗಳು. ಕೆಲವು ಅಂಟು ಬಿಟ್ಟು ಕೀಲಿಮಣೆಯ ಹಿಂದೆ ಬಿದ್ದಿವೆ. ಹಾಗೆ ಬಿದ್ದ ಚೀಟಿಗಳಲ್ಲಿ ಒಂದು ಬಂಡೀಪಾಳ್ಯದ ಸಗಟು ವ್ಯಾಪಾರಿಯೊಬ್ಬರ ಜಿಎಸ್‌ಟಿಆರ್-1.

ಅದು 11ರೊಳಗೆ ಹೋಗಲಿಲ್ಲ. ಕೊಂಡವರಿಗೆ ಸಿಗುವ ತೆರಿಗೆ ಜಮೆಯನ್ನು ತೋರಿಸುವ, 14ಕ್ಕೆ ತಯಾರಾಗುವ 2ಬಿ ಪಟ್ಟಿಯಲ್ಲಿ ಅವರ ಬಿಲ್ಲುಗಳು ಕಾಣಲಿಲ್ಲ. ಅವರಿಂದ ಸರಕು ಕೊಂಡ ಮಂಡ್ಯದ ಅಂಗಡಿಯವರಿಗೆ ಆ ತಿಂಗಳು ತೆರಿಗೆ ಜಮೆ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗಲಿಲ್ಲ, ಅವರು ಹಣ ತಡೆಹಿಡಿದರು. ತಡವಾದ ಶುಲ್ಕ ದಿನಕ್ಕೆ 50 ರೂಪಾಯಿ, ಅದನ್ನು ನಾವೇ ಕಟ್ಟುತ್ತೇವೆ. ಹಳೆಯ ವ್ಯಾಪಾರ ಸಂಬಂಧವೊಂದು ಹುಳಿಯಾದದ್ದಕ್ಕೆ ಏನು ಕಟ್ಟುವುದು?

ಕಡತಗಳನ್ನು ಹಿಂದಕ್ಕೆ ತೆಗೆದುಕೊಂಡರೆ ತನ್ನ ಮೇಲೆ ನಂಬಿಕೆ ಹೋಯಿತು ಎಂದು ಆಕೆ ನೊಂದುಕೊಳ್ಳುತ್ತಾಳೆ. "ಆಗದಿದ್ದರೆ ಮೊದಲೇ ಹೇಳು" ಎಂದರೆ ತಲೆಯಾಡಿಸಿ ರಾತ್ರಿ ಒಂಬತ್ತರವರೆಗೆ ಕೂರುತ್ತಾಳೆ. ಆಕೆಯ ಹುರುಪು ಮುರಿಯದೆ ಹೊರೆ ಇಳಿಸುವ ದಾರಿ ಬೇಕು. ಇಂಥವರೊಡನೆ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಅಚ್ಚಿನ ಮೊಳೆ, ಮೈಸೂರು

ನಮ್ಮದು ಮುದ್ರಣಾಲಯ. ಮದುವೆಯ ತಿಂಗಳುಗಳಲ್ಲಿ ಆಮಂತ್ರಣ ಪತ್ರಿಕೆ, ದಸರಾ ಹತ್ತಿರವಾದಂತೆ ಭಿತ್ತಿಪತ್ರ. ವಿನ್ಯಾಸ ಮಾಡುವ ಹುಡುಗರು ಎದುರಿಗೆ ನಿಂತ ಗಿರಾಕಿಗೆ ಇಲ್ಲವೆನ್ನಲಾರದೆ "ಸಣ್ಣ ತಿದ್ದುಪಡಿ ತಾನೇ, ಸಂಜೆಗೆ ಬನ್ನಿ" ಎಂದುಬಿಡುತ್ತಿದ್ದರು. ಸಂಜೆ ಆರು ಗಂಟೆಗೆ ಮುಂಬಾಗಿಲಲ್ಲಿ ಹತ್ತು ಜನ.

ಗೋಡೆಗೆ ಒಂದು ಹಲಗೆ ಹೊಡೆಸಿದೆವು. ಪ್ರತಿ ಹುಡುಗನ ಹೆಸರಿನ ಕೆಳಗೆ ಮೂರೇ ಮೊಳೆ. ಒಂದು ಕೆಲಸಕ್ಕೆ ಒಂದು ಚೀಟಿ, ಒಂದು ಮೊಳೆಗೆ ಒಂದು ಚೀಟಿ. ನಾಲ್ಕನೆಯದು ಬಂದರೆ ತೂಗುಹಾಕಲು ಜಾಗವಿಲ್ಲ. ಅದು "ಕಾಯುತ್ತಿದೆ" ಎಂಬ ಡಬ್ಬಿಗೆ ಹೋಗುತ್ತದೆ. ಅದು ಇಂದೇ ಬೇಕೆಂದರೆ ಮೂರರಲ್ಲಿ ಯಾವುದನ್ನು ಇಳಿಸಬೇಕು ಎಂದು ನಾನೇ ಬಂದು ಹೇಳಬೇಕು. ಆ ಹುಡುಗ ಹೇಳಬೇಕಾಗಿಲ್ಲ.

ಇದರಲ್ಲಿ ಮುಖ್ಯವಾದದ್ದು ಮೊಳೆಯ ಲೆಕ್ಕವಲ್ಲ. ಕೈಯಲ್ಲಿ ಎಷ್ಟಿದೆ ಎಂಬುದು ಬಾಗಿಲಲ್ಲಿ ನಿಂತ ಗಿರಾಕಿಗೂ ಕಾಣುತ್ತದೆ. ನಿಮ್ಮ ಹೆಣ್ಣುಮಗಳ ಹೊರೆ ಆಕೆಯ ತಲೆಯೊಳಗೆ ಮತ್ತು ಮೊಬೈಲಿನೊಳಗೆ ಇದೆ. ಕಾಣದ ಹೊರೆಯ ಮೇಲೆ ಇನ್ನೊಂದಿಷ್ಟು ಹೇರಲು ಯಾರಿಗೂ ಹಿಂಜರಿಕೆ ಇರುವುದಿಲ್ಲ.

ಮೇಟಗಳ್ಳಿ ಪಾಳಿ

ಬಿಡಿಭಾಗಗಳ ಕಾರ್ಖಾನೆಯಲ್ಲಿ ಉತ್ಪಾದನಾ ಯೋಜನೆ ನನ್ನ ಕೆಲಸ. ಅಚ್ಚಿನ ಮನೆಯವರು ಮಾಡಿದ್ದು ಸರಿ. ಏಕೆ ಸರಿ ಎಂಬುದಕ್ಕೆ ಲೆಕ್ಕವಿದೆ, ಅದನ್ನು ನಿಮ್ಮ ಕಚೇರಿಗೆ ಹೊಂದಿಸಿ ಹೇಳುತ್ತೇನೆ.

ಮೊದಲನೆಯದು, 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ಸೂತ್ರ. ಕೈಯಲ್ಲಿರುವ ಕೆಲಸವನ್ನು ದಿನಕ್ಕೆ ಮುಗಿಯುವ ಕೆಲಸದಿಂದ ಭಾಗಿಸಿದರೆ ಒಂದು ಕೆಲಸ ಒಳಬಂದು ಹೊರಹೋಗಲು ಹಿಡಿಯುವ ಸರಾಸರಿ ಸಮಯ ಸಿಗುತ್ತದೆ. ಆಕೆಯ ಬಳಿ 30 ಕಡತಗಳಿದ್ದು ದಿನಕ್ಕೆ 3 ಮುಗಿದರೆ 10 ದಿನ. 60 ಕಡತ ಇಟ್ಟುಕೊಂಡರೆ 20 ದಿನ. ಆಕೆ ಎಷ್ಟೇ ಚುರುಕಾಗಿರಲಿ, ಕೈಯಲ್ಲಿ ಹೆಚ್ಚು ಹಿಡಿದಷ್ಟೂ ಪ್ರತಿಯೊಬ್ಬ ಗ್ರಾಹಕನೂ ಹೆಚ್ಚು ಕಾಯುತ್ತಾನೆ.

ಎರಡನೆಯದು ಇನ್ನೂ ಗಂಭೀರ. ಯಾವ ಹೊತ್ತಿಗೆ ಏನು ಬರುತ್ತದೆಂದು ಗೊತ್ತಿಲ್ಲದ ಕಡೆ, ಒಬ್ಬರೇ ಎಲ್ಲವನ್ನೂ ಮಾಡುವಾಗ, ಅವರ ಸಮಯದ ಶೇ 80 ಭಾಗ ತುಂಬಿದ್ದರೆ ಹೊಸ ಕೆಲಸವೊಂದು ತನ್ನ ಸರದಿಗಾಗಿ ಕಾಯುವುದು ಆ ಕೆಲಸಕ್ಕೆ ಬೇಕಾದ ಸಮಯದ ಸುಮಾರು 4 ಪಟ್ಟು. ಶೇ 90 ತುಂಬಿದರೆ 9 ಪಟ್ಟು. ಶೇ 95ಕ್ಕೆ 19 ಪಟ್ಟು. ಕೊನೆಯ ಆ ಐದು ಭಾಗ ಕೆಲಸ ಹೇರಿ ನಾವು ಲಾಭ ಮಾಡಿಕೊಂಡೆವು ಎಂದುಕೊಳ್ಳುತ್ತೇವೆ, ಆದರೆ ಕಾಯುವಿಕೆ ಎರಡು ಪಟ್ಟಿಗೂ ಮೀರಿ ಬೆಳೆದಿರುತ್ತದೆ. ಅತ್ಯುತ್ತಮ ನೌಕರರ ವೇಳೆಯನ್ನು ಪೂರ್ತಿ ತುಂಬಿಸಬಾರದು ಎನ್ನುವುದು ಇದಕ್ಕೇ. ತುರ್ತು ಬೀಳುವುದು ಅವರ ಮೇಲೆ ತಾನೇ? ಅದಕ್ಕೆ ಜಾಗ ಬೇಕು.

ಕಬ್ಬಿನ ಹಾದಿ, ಮಂಡ್ಯ

ನಾನು ಕಬ್ಬಿನ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಮಂಡ್ಯದಲ್ಲಿ 1933ರಿಂದ ಸಕ್ಕರೆ ಕಾರ್ಖಾನೆಯನ್ನು ಕಂಡವರು ನಾವು, ಹೊತ್ತು ತರುವುದಕ್ಕೂ ಅರೆಯುವುದಕ್ಕೂ ಇರುವ ಅಂತರ ನಮ್ಮ ಊರಿನವರಿಗೆ ಚೆನ್ನಾಗಿ ಗೊತ್ತು. ಕಬ್ಬು ಕಡಿದ ಮೇಲೆ ಕಾಯಲಾರದು. ಬಿಸಿಲಿಗೆ ತೂಕ ಇಳಿಯುತ್ತದೆ, ಸಕ್ಕರೆ ಅಂಶ ಇಳಿಯುತ್ತದೆ. ಆದ್ದರಿಂದ ಇಂದು ಎಷ್ಟು ಅರೆಯಲು ಸಾಧ್ಯವೋ ಅಷ್ಟಕ್ಕೇ ಕಟಾವಿನ ಪರವಾನಗಿ.

ಒಂದು ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದ ಕ್ಷೇತ್ರ ಸಹಾಯಕರೊಬ್ಬರು ಬಹಳ ಒಳ್ಳೆಯ ಮನುಷ್ಯ. ಯಾವ ರೈತ ಬಂದು ಕೇಳಿದರೂ "ನಾಳೆ ಕಡಿಯಿರಿ, ನಾನು ನೋಡಿಕೊಳ್ಳುತ್ತೇನೆ" ಎನ್ನುತ್ತಿದ್ದರು. ರೈತರಿಗೆ ಅವರೆಂದರೆ ದೇವರು. ಆ ವಾರ ಅಂಗಳದಿಂದ ಮುಖ್ಯ ರಸ್ತೆಯವರೆಗೆ ಎತ್ತಿನ ಗಾಡಿ, ಟ್ರ್ಯಾಕ್ಟರ್‌ಗಳ ಸಾಲು. ಗಾಡಿಯ ಕೆಳಗೇ ಮಲಗಿ ರಾತ್ರಿ ಕಳೆದವರನ್ನು ನಾನು ನೋಡಿದ್ದೇನೆ. ಒಣಗಿದ ಕಬ್ಬನ್ನು ತೂಗಿದಾಗ ನಷ್ಟ ಬಿದ್ದದ್ದು ಕಾರ್ಖಾನೆಗಲ್ಲ, ಸಹಾಯಕರಿಗೂ ಅಲ್ಲ. ಅವರನ್ನು ನಂಬಿ ಕಡಿದವರಿಗೆ.

ಅವರಿಗೆ ಯಾರೂ ಬೈಯಲಿಲ್ಲ. ನಮ್ಮ ಮೇಲಧಿಕಾರಿ ಮಾಡಿದ್ದು ಇಷ್ಟೆ: ಪರವಾನಗಿ ಚೀಟಿ ಬರೆಯುವ ಅಧಿಕಾರವನ್ನು ಕಚೇರಿಗೆ ತಂದು, ದಿನದ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿದರು. ಅಂದಿನಿಂದ ಆ ಮನುಷ್ಯನಿಗೆ ನಿರಾಳ. "ಪಟ್ಟಿಯಲ್ಲಿ ನಿಮ್ಮ ಹೆಸರು ಶುಕ್ರವಾರ ಇದೆ" ಎಂದು ಹೇಳಿದರೆ ಸಾಕಾಯಿತು. ಎದುರಿಗಿದ್ದವರ ಮುಖ ನೋಡಿ ಇಲ್ಲ ಎನ್ನಲಾರದವರಿಗೆ ಧೈರ್ಯ ತುಂಬುವ ಉಪದೇಶ ಬೇಡ. ಬೆರಳು ಮಾಡಿ ತೋರಿಸಲು ಒಂದು ನಿಯಮ ಕೊಡಿ.

ಸಗಟು ಅಂಗಡಿ, ಮಂಡ್ಯ

ಎಲ್ಲರೂ ಆ ಹೆಣ್ಣುಮಗಳ ಪರವಾಗಿಯೇ ಮಾತನಾಡುತ್ತಿದ್ದೀರಿ. ನಾನು ಬೇರೆ ಮಾತು ಹೇಳುತ್ತೇನೆ, ಬೇಸರಿಸಬೇಡಿ. ಸಂಬಳ ತೆಗೆದುಕೊಳ್ಳುವವರು ವಯಸ್ಕರು. ಆಗುವುದಿಲ್ಲ ಎಂದರೆ ಆಗುವುದಿಲ್ಲ ಎಂದು ಹೇಳುವುದು ಅವರ ಹೊಣೆ. ಹಲಗೆ, ಮೊಳೆ, ಪಟ್ಟಿ ಎಂದು ಮಾಲೀಕನೇ ಕಾವಲು ಕೂತರೆ ವ್ಯಾಪಾರ ಯಾರು ಮಾಡುವುದು?

ಇನ್ನೊಂದು ವಿಷಯ. ಎಲ್ಲವನ್ನೂ ಮೈಮೇಲೆ ಹಾಕಿಕೊಳ್ಳುವವರೆಲ್ಲ ಮೃದು ಮನಸ್ಸಿನವರಲ್ಲ. ನಮ್ಮಲ್ಲಿದ್ದ ಗುಮಾಸ್ತರೊಬ್ಬರು ದಾಸ್ತಾನು, ವಸೂಲಿ, ಲಾರಿ ಬಾಡಿಗೆ ಎಲ್ಲವನ್ನೂ ತಾವೇ ಹಿಡಿದುಕೊಂಡಿದ್ದರು. ಅವರು ಬಿಟ್ಟು ಹೋದ ದಿನ ಯಾರಿಂದ ಎಷ್ಟು ಬರಬೇಕೆಂಬುದು ಅಂಗಡಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗ್ರಾಹಕರು ಕಚೇರಿ ಬಿಟ್ಟು ಆಕೆಯ ಮೊಬೈಲಿಗೆ ಕಳುಹಿಸುತ್ತಾರೆ ಎಂದಿರಲ್ಲ, ಅದನ್ನು ನೀವು ಹಗುರವಾಗಿ ತೆಗೆದುಕೊಳ್ಳಬಾರದು.

ತುಂಬಿದ ಕೈ

ನಾನು ಅಂಥ ಹೆಣ್ಣುಮಗಳು. ಮೈಸೂರಿನ ಒಂದು ಖಾಸಗಿ ಸಂಸ್ಥೆಯ ಕಚೇರಿಯಲ್ಲಿದ್ದೇನೆ. ಮೇಲಿನ ಮಾತು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ.

ವಯಸ್ಕರು ಇಲ್ಲ ಎನ್ನಬೇಕು ಎಂಬುದು ಸರಿ. ಆದರೆ ನಮ್ಮಲ್ಲಿ ಒಪ್ಪಂದ ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ. ಆ ಸಭೆಯಲ್ಲಿ "ಯಾವ ಕೆಲಸ ಕೊಟ್ಟರೂ ಮಾಡುತ್ತಾಳೆ" ಎನ್ನುವುದೇ ದೊಡ್ಡ ಪ್ರಶಂಸೆ. ಕೊಟ್ಟ ಕೆಲಸವನ್ನು ಒಪ್ಪವಾಗಿ ಮುಗಿಸಿ ಐದೂವರೆಗೆ ಮನೆಗೆ ಹೋಗುವ ನನ್ನ ಸಹೋದ್ಯೋಗಿಯ ಬಗ್ಗೆ ಯಾರೂ ಒಂದು ಮಾತು ಆಡುವುದಿಲ್ಲ. ಯಾವುದಕ್ಕೆ ಬೆಲೆ ಎಂಬುದನ್ನು ನಾವು ಇದರಿಂದಲೇ ಕಲಿಯುತ್ತೇವೆ. ಜೊತೆಗೆ, ನಾಲ್ಕು ಜನರ ಮುಂದೆ "ಇದು ಆಗುತ್ತದೆಯೇ?" ಎಂದು ಕೇಳಿದರೆ ಅದಕ್ಕೆ ಇರುವ ಉತ್ತರ ಒಂದೇ.

ಒಮ್ಮೆ ಒಪ್ಪಿಕೊಂಡ ಮೇಲೆ ಹಿಂದೆ ಬಿದ್ದಿದ್ದೇನೆ ಎಂದು ಹೇಳುವುದು ಇನ್ನೂ ಕಷ್ಟ. ಇಂದು ಸಂಜೆ ಸರಿಮಾಡುತ್ತೇನೆ, ಭಾನುವಾರ ಬಂದು ಮುಗಿಸುತ್ತೇನೆ ಎಂದು ಮನಸ್ಸು ಲೆಕ್ಕ ಹಾಕುತ್ತಲೇ ಇರುತ್ತದೆ. ಇಲ್ಲಿ ಯಾರಿಗೂ ಮೋಸ ಮಾಡುವ ಉದ್ದೇಶವಿಲ್ಲ. ನಿಜವಾಗಿಯೂ ಮುಗಿಯುತ್ತದೆ ಎಂದೇ ನಂಬಿರುತ್ತೇವೆ.

ಹಿಂದೆ ನನಗೊಬ್ಬ ಮೇಲ್ವಿಚಾರಕರಿದ್ದರು. ಸೋಮವಾರ ಬೆಳಿಗ್ಗೆ ಕುರ್ಚಿ ಎಳೆದುಕೊಂಡು ನನ್ನ ಮೇಜಿನ ಪಕ್ಕ ಕೂರುತ್ತಿದ್ದರು. "ಎಷ್ಟಾಗಿದೆ?" ಎಂದು ಕೇಳುತ್ತಿರಲಿಲ್ಲ. "ತೋರಿಸಮ್ಮ" ಎನ್ನುತ್ತಿದ್ದರು. ಕಡತ ತೆರೆದು ಇಬ್ಬರೂ ನೋಡುತ್ತಿದ್ದೆವು. ಅರ್ಧಕ್ಕೆ ನಿಂತ ಕೆಲಸವನ್ನು ಸೋಮವಾರ ತೋರಿಸಿದರೆ ತಪ್ಪಲ್ಲ, ಗುರುವಾರದವರೆಗೆ ಬಚ್ಚಿಟ್ಟರೆ ತಪ್ಪು ಎಂಬ ಒಂದೇ ಕಟ್ಟಳೆ ಅವರದು. ಹೊಸ ಕೆಲಸ ತಂದರೆ "ಇದಕ್ಕಾಗಿ ಯಾವುದನ್ನು ಮುಂದಕ್ಕೆ ಹಾಕೋಣ?" ಎಂದು ಅವರೇ ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಹುಡುಕಲು ನಾನು ನನ್ನ ಪಟ್ಟಿಯನ್ನು ನೋಡಲೇಬೇಕಾಗುತ್ತಿತ್ತು.

ಹೊರೆ ಇಳಿಸುವ ನೆಪದಲ್ಲಿ ಆಕೆ ಇಲ್ಲದ ಹೊತ್ತಿನಲ್ಲಿ ಕಡತ ಎತ್ತಿ ಬೇರೆಯವರಿಗೆ ಕೊಡಬೇಡಿ. ಯಾವುದನ್ನು ಬಿಡುವುದು ಎಂದು ಆಕೆಯೇ ಆರಿಸಲಿ.

ಕಾಯ್ದೆ ಕಡತ, ಮೈಸೂರು

ಕಾರ್ಮಿಕ ಕಾನೂನಿನ ಕೆಲಸ ಮಾಡುವವಳಾಗಿ ಒಂದು ಮಾತು. ರಾತ್ರಿ ಒಂಬತ್ತರವರೆಗೆ ಕೂರುತ್ತಾಳೆ ಎಂದು ಬರೆದಿದ್ದೀರಿ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹಾಕಿಕೊಟ್ಟ ಗೆರೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದನ್ನು ಮೀರಿ ದುಡಿಸಿದರೆ ಎರಡು ಪಟ್ಟು ಕೂಲಿ. ಈ ಗೆರೆ ಮೀರಿ ನೌಕರರನ್ನು ದುಡಿಸಬಾರದು ಎನ್ನುವುದರ ಜೊತೆಗೆ ದುಡಿಯಲು ಬಿಡಬಾರದು ಎಂದೂ ಕಾಯ್ದೆ ಹೇಳುತ್ತದೆ. "ನಾನು ಹೇಳಲಿಲ್ಲ, ಆಕೆಯೇ ಇಷ್ಟಪಟ್ಟು ಕೂತಳು" ಎಂಬ ಸಮಜಾಯಿಷಿ ಅಲ್ಲಿ ನಿಲ್ಲುವುದಿಲ್ಲ. ಸಗಟು ಅಂಗಡಿಯವರು ಕೇಳಿದ ಪ್ರಶ್ನೆಗೂ ಇದೇ ಉತ್ತರ: ಕಾವಲು ಕೂರುವುದು ಮಾಲೀಕನ ಕೆಲಸದಲ್ಲೇ ಸೇರಿದೆ.

ಆರೋಗ್ಯದ ವಿಷಯವನ್ನೂ ಮರೆಯಬೇಡಿ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದವು.

ಲೆಕ್ಕದ ಮನೆ, ಮೈಸೂರು

ಎಲ್ಲರಿಗೂ ಕೃತಜ್ಞತೆ. ತುಂಬಿದ ಕೈ ಅವರೇ, ನಿಮ್ಮ ಬರಹವನ್ನು ಮತ್ತೆ ಮತ್ತೆ ಓದಿದೆ.

ಸಗಟು ಅಂಗಡಿಯವರ ಸಂದೇಹಕ್ಕೂ ಉತ್ತರ ಹೇಳಬೇಕು. ಕೆಲಸವನ್ನು ಪ್ರೀತಿಯಿಂದ ಹೊರುವವರಿಗೂ ಹಿಡಿತಕ್ಕಾಗಿ ಹೊರುವವರಿಗೂ ವ್ಯತ್ಯಾಸ ತಿಳಿಯಲು ಒಂದು ದಾರಿ ಇದೆ ಎಂದು ನನಗೆ ಅನ್ನಿಸುತ್ತದೆ. ಒಂದು ಕಡತವನ್ನು ಟಿಪ್ಪಣಿ ಸಮೇತ ಇನ್ನೊಬ್ಬರಿಗೆ ಒಪ್ಪಿಸಲು ಹೇಳಿ ನೋಡುವುದು. ಮೊದಲನೆಯವರು ಸಂಕೋಚಪಟ್ಟರೂ ಎಲ್ಲವನ್ನೂ ಬರೆದುಕೊಡುತ್ತಾರೆ. ಎರಡನೆಯವರಲ್ಲಿ ಗುಪ್ತಪದವೇ ಸಿಗುವುದಿಲ್ಲ. ನಮ್ಮ ಹೆಣ್ಣುಮಗಳು ಕೇಳಿದ ದಿನವೇ ಎರಡು ಪುಟ ಬರೆದುಕೊಟ್ಟಳು. ಯಾವ ವ್ಯಾಪಾರಿ ಮಧ್ಯಾಹ್ನ ಫೋನ್ ಎತ್ತುವುದಿಲ್ಲ ಎಂಬುದೂ ಅದರಲ್ಲಿತ್ತು.

ಈ ಸುತ್ತಿನಲ್ಲಿ ಮೂರು ಬದಲಾವಣೆ ಮಾಡಿದ್ದೇವೆ. ಬಿಲ್ಲುಗಳು ಕಚೇರಿಯ ಸಂಖ್ಯೆಗೇ ಬರಬೇಕೆಂದು ಗ್ರಾಹಕರಿಗೆಲ್ಲ ನನ್ನ ಸಹಿಯ ಪತ್ರ ಹೋಗಿದೆ. 8ನೆಯ ತಾರೀಕಿನ ನಂತರ ಬಂದ ಬಿಲ್ಲುಗಳು ಮುಂದಿನ ತಿಂಗಳ ಜಿಎಸ್‌ಟಿಆರ್-1ಕ್ಕೆ ಎಂಬ ಸಾಲು ಅದರಲ್ಲಿದೆ, ಈಗ ಆಕೆ ಬೆರಳು ಮಾಡಿ ತೋರಿಸುವುದು ಆ ಸಾಲನ್ನೇ. ಇನ್ನು ಗೋಡೆಯ ಹಲಗೆ. ಆಕೆಗೆ ಮಾತ್ರ ಹಾಕಿದರೆ ಶಿಕ್ಷೆಯಂತೆ ಕಾಣುತ್ತದೆ, ಆದ್ದರಿಂದ ನನ್ನನ್ನೂ ಸೇರಿಸಿ ಎಂಟೂ ಜನರಿಗೆ. ಸೋಮವಾರ ಆಕೆಯ ಮೇಜಿನ ಪಕ್ಕ ನಾನೂ ಕುರ್ಚಿ ಹಾಕಿಕೊಂಡೆ. ಬಿಡಬೇಕಾದ ಕಡತಗಳನ್ನು ಆಕೆಯೇ ಆರಿಸಿದಳು. ನಾನು ಊಹಿಸಿದ ಕಡತಗಳೇ ಅಲ್ಲ ಅವು. ಕಷ್ಟದ್ದನ್ನು ತನ್ನಲ್ಲೇ ಇಟ್ಟುಕೊಂಡು, ಹೊಸ ಹುಡುಗ ಕಲಿಯಬಲ್ಲ ಸುಲಭದ್ದನ್ನು ಬಿಟ್ಟುಕೊಟ್ಟಿದ್ದಳು.

ಎಲ್ಲವೂ ಸರಿಹೋಗಿಲ್ಲ. ಒಂದು ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಕೇಳಿದರೆ ಆಕೆ ಈಗಲೂ ಬಹಳ ಕಡಿಮೆ ಹೇಳುತ್ತಾಳೆ. ಇದಕ್ಕೆ ಏನು ಮಾಡುವುದು?

ಮೇಟಗಳ್ಳಿ ಪಾಳಿ

ಆಕೆಯನ್ನು ಕೇಳಬೇಡಿ, ಹಿಂದಿನ ದಾಖಲೆಯನ್ನು ಕೇಳಿ. ಮುಂದಿನ ಕೆಲಸ ಹಿಡಿಯುವ ಸಮಯವನ್ನು ಮನುಷ್ಯರು ಕಡಿಮೆಯಾಗಿ ಅಂದಾಜಿಸುವುದನ್ನು ಡೇನಿಯಲ್ ಕಾಹ್ನೆಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲೇ ವಿವರಿಸಿದ್ದಾರೆ. ಅನುಭವಿಗಳಲ್ಲೂ ಅದು ಇರುತ್ತದೆ. ಅಂಥದೇ ಕೆಲಸಗಳು ಹಿಂದೆ ಎಷ್ಟು ಹೊತ್ತು ತೆಗೆದುಕೊಂಡವು ಎಂದು ನೋಡುವುದೇ ಅವರು ಸೂಚಿಸಿದ ಮದ್ದು. ಕಡತದ ಮೇಲೆ ಆರಂಭಿಸಿದ ಹೊತ್ತು, ಮುಗಿಸಿದ ಹೊತ್ತು ಬರೆಯಲಿ, ಎಂಟೂ ಜನ ಬರೆಯಲಿ. ಸೆಪ್ಟೆಂಬರ್ ಹೊತ್ತಿಗೆ ನಿಮ್ಮ ಕೈಯಲ್ಲಿ ನಿಜವಾದ ಅಂಕಿಗಳಿರುತ್ತವೆ.

ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೊಟಾದ ಉತ್ಪಾದನಾ ಪದ್ಧತಿಯಲ್ಲಿ ಒಂದು ಹಗ್ಗದ ಏರ್ಪಾಡಿದೆ. ತೊಂದರೆ ಕಂಡ ಕೆಲಸಗಾರ ಅದನ್ನು ಎಳೆದರೆ ತಂಡದ ಮುಖ್ಯಸ್ಥ ಓಡಿ ಬರಬೇಕು, ಬಗೆಹರಿಯದಿದ್ದರೆ ಸಾಲು ನಿಲ್ಲುತ್ತದೆ. ಅಲ್ಲಿ ಹಗ್ಗದಷ್ಟೇ ಮುಖ್ಯವಾದದ್ದು ಎಳೆದವನನ್ನು ಯಾರೂ ಗದರದಿರುವುದು. ನಿಮ್ಮ ಕಚೇರಿಯಲ್ಲಿ ಒಂದು ಕೆಂಪು ಚೀಟಿ ಸಾಕು. ಅದು ಮೇಜಿನ ಮೇಲೆ ಬಂದರೆ ಅರ್ಧ ಗಂಟೆಯೊಳಗೆ ನೀವು ಅಲ್ಲಿರಬೇಕು. ಮೊದಲ ಬಾರಿ ನೀವು ಹೋಗದಿದ್ದರೆ ಎರಡನೆಯ ಬಾರಿ ಆ ಚೀಟಿ ಮೇಲೆ ಬರುವುದೇ ಇಲ್ಲ.

ಸಗಟು ಅಂಗಡಿ, ಮಂಡ್ಯ

ಎರಡು ಪುಟದ ಟಿಪ್ಪಣಿ ಬರೆದುಕೊಟ್ಟವಳ ಬಗ್ಗೆ ನನಗೆ ಸಂದೇಹವಿಲ್ಲ. ಆದರೂ ಒಂದು ಕೇಳುತ್ತೇನೆ. ಆಕೆ ವರ್ಷದಲ್ಲಿ ಸರಿಯಾಗಿ ರಜೆ ತೆಗೆದುಕೊಳ್ಳುತ್ತಾಳೆಯೇ? ನಮ್ಮ ಗುಮಾಸ್ತರು ಒಂದು ದಿನವೂ ರಜೆ ಹಾಕಿದವರಲ್ಲ. ಅದನ್ನು ನಿಷ್ಠೆ ಎಂದು ಊರೆಲ್ಲ ಹೊಗಳುತ್ತಿತ್ತು.

ತುಂಬಿದ ಕೈ

ಈ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಆದರೆ ರಜೆಯಿಂದ ಮರಳಿದ ದಿನ ಮೇಜಿನ ಮೇಲೆ ಹೋದಾಗಿನ ರಾಶಿಯೇ ಕಾದಿದ್ದರೆ ಅದು ರಜೆಯಲ್ಲ. ಆಕೆ ಹೋಗುವ ಮುನ್ನ ಆಕೆಯ ಮೊಳೆಗಳು ಖಾಲಿಯಾಗಿರಲಿ, ಬರುವವರೆಗೆ ಖಾಲಿಯಾಗಿಯೇ ಇರಲಿ. ಗ್ರಾಹಕರ ಕರೆಗಳನ್ನು ಆ ದಿನಗಳಲ್ಲಿ ನೀವೇ ಸ್ವೀಕರಿಸಿ.

ಲೆಕ್ಕದ ಮನೆ, ಮೈಸೂರು

20 ಕಳೆದ ಕೂಡಲೇ ನಾಲ್ಕು ದಿನ ರಜೆ ಎಂದು ಹಲಗೆಯ ಮೇಲೇ ಬರೆದಾಯಿತು. ಕರೆಗಳು ನನ್ನ ಪಾಲಿಗೆ.

ಅಚ್ಚಿನ ಮೊಳೆಯವರೇ, ನಿಮ್ಮ ಚೀಟಿಯಲ್ಲಿ ಏನೇನು ಬರೆಯುತ್ತೀರಿ? ನಮ್ಮವರು ಗ್ರಾಹಕರ ಹೆಸರೊಂದನ್ನೇ ಬರೆದು ತೂಗುಹಾಕುತ್ತಿದ್ದಾರೆ.

ಅಚ್ಚಿನ ಮೊಳೆ, ಮೈಸೂರು

ನಾಲ್ಕು ಸಾಲು. ಏನು ಕೆಲಸ, ಯಾವಾಗ ಬೇಕು, ಇನ್ನೂ ಏನು ಬಾಕಿ ಇದೆ, ಕೊಟ್ಟವರು ಯಾರು. "ಬಾಕಿ" ಸಾಲನ್ನು ಪೆನ್ಸಿಲಿನಲ್ಲಿ ಬರೆಸಿ, ದಿನವೂ ಬದಲಾಗುತ್ತದೆ. ಕೊನೆಯ ಸಾಲನ್ನು ಮಾತ್ರ ಬಿಡಬೇಡಿ. ನಮ್ಮಲ್ಲಿ ಒಂದು ತಿಂಗಳ ಚೀಟಿಗಳನ್ನು ಒಟ್ಟು ಮಾಡಿ ನೋಡಿದಾಗ ಒಬ್ಬನೇ ಹುಡುಗನ ಮೇಲೆ ಮತ್ತೆ ಮತ್ತೆ ತುರ್ತು ಕೆಲಸ ಹೇರುತ್ತಿದ್ದವರು ಮುಂಗಟ್ಟೆಯಲ್ಲಿ ಕೂರುವ ಇಬ್ಬರೇ ಎಂದು ತಿಳಿಯಿತು. ಅವರೊಡನೆ ಮಾತನಾಡಿದ ಮೇಲೆ ಹುಡುಗನೊಡನೆ ಮಾತನಾಡುವ ಅಗತ್ಯವೇ ಬರಲಿಲ್ಲ.